ಅರ್ಜಿಯ ಮೊದಲ ಹೆಸರು

ಅಡಿಲೇಡ್ ನಗರದ ದಕ್ಷಿಣ ಆಸ್ಟ್ರೇಲಿಯಾ ಮ್ಯೂಸಿಯಂನಲ್ಲಿ ಸಾವಿರಾರು ಜನರ ತಲೆಗೂದಲು ಇದೆ. ಒಬ್ಬೊಬ್ಬರದು ಒಂದೊಂದು ಸಣ್ಣ ಕುಚ್ಚು, ಅಷ್ಟೇ. ಜೊತೆಗೆ ದಾಖಲೆ: ಹೆಸರು, ಊರು, ಅಪ್ಪ ಅಮ್ಮ ಯಾರು, ಎತ್ತರವೆಷ್ಟು, ತಲೆಯ ಸುತ್ತಳತೆ ಎಷ್ಟು. ಎದುರಿನಿಂದ ಒಂದು ಫೋಟೊ, ಪಕ್ಕದಿಂದ ಒಂದು. 1928ರಿಂದ 1970ರ ದಶಕದವರೆಗೆ ಅಡಿಲೇಡ್ ವಿಶ್ವವಿದ್ಯಾಲಯದ ತಂಡಗಳು ಮೂಲನಿವಾಸಿಗಳಾದ ಅಬೊರಿಜಿನಲ್ ಜನರಿದ್ದ ಕಡೆಗೆ ಹೋಗಿ ಕಲೆಹಾಕಿದ ಸಂಗ್ರಹ ಇದು.

ಅದರಲ್ಲಿ ದೊಡ್ಡ ಸುತ್ತಾಟ 1938–39ರದು. ಮ್ಯೂಸಿಯಂನ ನಾರ್ಮನ್ ಟಿಂಡೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಜೋಸೆಫ್ ಬರ್ಡ್‌ಸೆಲ್ ಮಿಷನ್‌ಗಳಿಗೆ, ಸರ್ಕಾರಿ ವಸತಿಗಳಿಗೆ ಒಂದೊಂದಾಗಿ ಭೇಟಿ ಕೊಟ್ಟರು. ಅಲ್ಲಿನವರು ಎಲ್ಲಿರಬೇಕು, ಎಲ್ಲಿಗೆ ಹೋಗಬಹುದು ಎಂಬುದನ್ನೂ ಅಧಿಕಾರಿಗಳೇ ತೀರ್ಮಾನಿಸುತ್ತಿದ್ದ ಕಾಲ ಅದು. ಅಂಥ ಜಾಗದಲ್ಲಿ ನಿಂತು ತಲೆಯ ಅಳತೆ ತೆಗೆಯಲೇ ಎಂದು ಕೇಳಿದರೆ ಬೇಡ ಎನ್ನುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಟಿಂಡೇಲ್ ಬರೆದಿಟ್ಟ ವಂಶಾವಳಿಗಳು ಮುಂದೆ ಉಪಕಾರಕ್ಕೂ ಬಂದವು. ಸರ್ಕಾರವೇ ಹೆತ್ತವರ ಮಡಿಲಿನಿಂದ ಕಿತ್ತುಕೊಂಡು ಹೋದ ಮಕ್ಕಳು ದೊಡ್ಡವರಾಗಿ ತಮ್ಮವರು ಯಾರೆಂದು ಹುಡುಕುವಾಗ ಆ ಹಾಳೆಗಳೇ ದಾರಿ ತೋರಿಸಿದವು. ಅದನ್ನು ಮರೆಯುವಂತಿಲ್ಲ. ಆದರೂ ಆ ಇಡೀ ಕೆಲಸದಲ್ಲಿ ಮೂಲನಿವಾಸಿಗೆ ಇದ್ದದ್ದು ಒಂದೇ ಜಾಗ: ಕ್ಯಾಮೆರಾದ ಎದುರು. ಏನನ್ನು ಕೇಳಬೇಕು, ಯಾಕೆ ಕೇಳಬೇಕು ಎಂದು ಹೇಳುವವರೆಲ್ಲ ಕ್ಯಾಮೆರಾದ ಹಿಂದಿದ್ದರು.

ನಮಗೂ ಇದು ದೂರದ ಕಥೆಯಲ್ಲ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ಮೂಗು, ತಲೆಬುರುಡೆಗಳನ್ನು ಅಳೆದು 1909ರಲ್ಲಿ ಏಳು ಸಂಪುಟ ತಂದಾಗ ಅದರಲ್ಲಿ ನಮ್ಮ ಕರಾವಳಿಯ ಕೊರಗರೂ ಇದ್ದರು. ಅಳತೆ ಕೊಟ್ಟವರ ಮನೆಯಿಂದಲೇ ಒಬ್ಬರು ವಿಶ್ವವಿದ್ಯಾಲಯಕ್ಕೆ ಬಂದು ಆ ಅಳತೆಯ ಅರ್ಥವೇನು ಎಂದು ಕೇಳಲು ತಲೆಮಾರುಗಳೇ ಕಳೆಯಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ಆ ದಾರಿ ಎಷ್ಟು ಉದ್ದ ಎಂಬುದಕ್ಕೆ ಎರಡು ಇಸವಿ ಸಾಕು. ಸಿಡ್ನಿ ವಿಶ್ವವಿದ್ಯಾಲಯ ಹುಟ್ಟಿದ್ದು 1850ರಲ್ಲಿ. ಚಾರ್ಲ್ಸ್ ಪರ್ಕಿನ್ಸ್ ಎಂಬ ಅಬೊರಿಜಿನಲ್ ಯುವಕ ಅಲ್ಲಿಂದ ಪದವಿ ಪಡೆದದ್ದು 1966ರಲ್ಲಿ. 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಮೂಲನಿವಾಸಿಗಳ ಪರ ಸಂವಿಧಾನ ತಿದ್ದುಪಡಿಗೆ ಹೂಂ ಎಂದರು. 1969ರಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಸರ್ಕಾರದ ಅಧ್ಯಯನ ವೇತನ ಶುರುವಾಯಿತು. ವೊರಿಮಿ ಜನಾಂಗದ ಬಿಲ್ ಜೋನಸ್ 1980ರಲ್ಲಿ ಪಿಎಚ್.ಡಿ. ಪಡೆದರು, ಅದೂ ಪಕ್ಕದ ಪಪುವಾ ನ್ಯೂಗಿನಿಯ ವಿಶ್ವವಿದ್ಯಾಲಯದಿಂದ. ಆಸ್ಟ್ರೇಲಿಯಾದ್ದೇ ವಿಶ್ವವಿದ್ಯಾಲಯವೊಂದು ಅಬೊರಿಜಿನಲ್ ವಿದ್ವಾಂಸೆ ಈವ್ ಫೆಸಲ್ ಅವರಿಗೆ ಡಾಕ್ಟರೇಟ್ ಕೊಡುವಾಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಡಾಕ್ಟರೇಟ್ ಬಂದ ಮೇಲೇನು ಎಂಬ ಪ್ರಶ್ನೆ ಎದ್ದದ್ದು ಅಲ್ಲಿಂದ ಮುಂದೆ. ಸಂಶೋಧನೆಗೆ ದುಡ್ಡು ಬೇಕು. ದುಡ್ಡು ಕೇಳಲು ಹಿಂದೆ ಮಾಡಿದ ಸಂಶೋಧನೆಯ ಪಟ್ಟಿ ಬೇಕು. ಆ ಪಟ್ಟಿ ಬೆಳೆಯಬೇಕಾದರೆ ಮತ್ತೆ ದುಡ್ಡು ಬೇಕು. ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ಈ ಸುಳಿಯಿಂದ ಹೊರಬರುವುದು ಸುಲಭವಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯಾ ಸಂಶೋಧನಾ ಮಂಡಳಿ ಮೂಲನಿವಾಸಿ ಸಂಶೋಧಕರಿಗೆಂದೇ ಒಂದು ಸಣ್ಣ ಅನುದಾನ ಆರಂಭಿಸಿತು. ಅನುಭವಿಗಳ ಜೊತೆ ಪಳಗಿ, ಮುಂದೆ ಎಲ್ಲರೊಡನೆ ಸ್ಪರ್ಧೆಗೆ ನಿಲ್ಲುವಷ್ಟು ಬಲಿಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅದರೊಳಗೆ ಒಂದು ನೋವಿನ ಎಳೆಯೂ ಇತ್ತು: ನೀವಿನ್ನೂ ಕಲಿಯುವವರು, ನಿಜವಾದ ಸಂಶೋಧನೆ ಆಚೆ ಇದೆ ಎಂದಂತೆ.

2012ರಿಂದ ಅದರ ಜಾಗಕ್ಕೆ ‘ಡಿಸ್ಕವರಿ ಇಂಡಿಜಿನಸ್’ ಎಂಬ ಯೋಜನೆ ಬಂತು. ವರ್ಷಕ್ಕೆ 30 ಸಾವಿರ ಡಾಲರಿನಿಂದ 5 ಲಕ್ಷ ಡಾಲರಿನವರೆಗೆ, ಹೆಚ್ಚೆಂದರೆ ಐದು ವರ್ಷ. ವಿಷಯ ಮೂಲನಿವಾಸಿಗಳದ್ದೇ ಆಗಬೇಕೆಂದಿಲ್ಲ. ಭೂವಿಜ್ಞಾನವಾಗಬಹುದು, ಗಣಿತವಾಗಬಹುದು. ಕೆಲವರಿಗೆ ಸಂಬಳದ ಸಮೇತ ಪ್ರಶಸ್ತಿಯೂ ಉಂಟು. ನನ್ನ ಮಟ್ಟಿಗೆ ಇದರ ತಿರುಳಿರುವುದು ಒಂದೇ ನಿಯಮದಲ್ಲಿ. ಅರ್ಜಿಯ ಮೊದಲ ಹೆಸರು, ಅಂದರೆ ಯೋಜನೆಯ ಮುಖ್ಯ ಸಂಶೋಧಕರು, ಅಬೊರಿಜಿನಲ್ ಅಥವಾ ಟಾರೆಸ್ ಜಲಸಂಧಿ ದ್ವೀಪವಾಸಿಯೇ ಆಗಿರಬೇಕು. ಉಳಿದವರು ಯಾರೇ ಇರಲಿ, ಎಷ್ಟೇ ದೊಡ್ಡ ಪ್ರೊಫೆಸರಾಗಿರಲಿ, ಆ ಹೆಸರಿನ ಕೆಳಗೆ. ಪ್ರಶ್ನೆ ಯಾವುದು, ಯಾವ ಊರಿನ ಹಿರಿಯರನ್ನು ಮೊದಲು ಕೇಳಬೇಕು, ಸಿಕ್ಕಿದ್ದನ್ನು ಎಲ್ಲಿಡಬೇಕು, ಯಾವುದನ್ನು ಹೊರಗೆ ಹೇಳಲೇಬಾರದು, ಇವೆಲ್ಲ ಆ ಒಂದು ಹೆಸರಿನ ಜವಾಬ್ದಾರಿ.

ಅದೇ 2012ರಲ್ಲಿ ಇನ್ನೆರಡು ಕೆಲಸ ಆದವು. ಸಂಶೋಧನಾ ಮಂಡಳಿಯ 32 ಲಕ್ಷ ಡಾಲರ್ ನೆರವಿನಿಂದ ಬ್ರಿಸ್ಬೇನ್‌ನಲ್ಲಿ ಮೂಲನಿವಾಸಿ ಸಂಶೋಧಕರ ರಾಷ್ಟ್ರೀಯ ಜಾಲವೊಂದು ಕಣ್ಣುಬಿಟ್ಟಿತು. ಚುಕ್ಕಾಣಿ ಹಿಡಿದವರು ಕ್ವಾಂಡಮೂಕಾ ನಾಡಿನ ಐಲೀನ್ ಮೋರ್ಟನ್-ರಾಬಿನ್ಸನ್. ಒಂದೊಂದು ವಿಭಾಗದಲ್ಲಿ ಒಬ್ಬೊಬ್ಬರೇ ಆಗಿ ಉಳಿದಿದ್ದವರು ಒಂದೆಡೆ ಕೂತು ಓದಿದರು, ಬರೆದರು, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದಿದರು. ಎರಡನೆಯದು, ಉನ್ನತ ಶಿಕ್ಷಣದಲ್ಲಿ ಮೂಲನಿವಾಸಿಗಳ ಸ್ಥಿತಿಯ ಬಗ್ಗೆ ಲಾರಿಸ್ಸಾ ಬೆರೆಂಟ್ ನೇತೃತ್ವದ ಸಮಿತಿ ಕೊಟ್ಟ ವರದಿ. ಈ ಅಬೊರಿಜಿನಲ್ ವಕೀಲೆ ಡಾಕ್ಟರೇಟ್ ಪಡೆದದ್ದು ಹಾರ್ವರ್ಡ್‌ನಲ್ಲಿ, ಬರ್ಡ್‌ಸೆಲ್ ಅಳತೆಪಟ್ಟಿ ಹಿಡಿದು ಹೊರಟಿದ್ದ ಅದೇ ಹಾರ್ವರ್ಡ್‌ನಲ್ಲಿ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೂ ಗಂಟು ಪೂರ್ತಿ ಬಿಚ್ಚಲಿಲ್ಲ. ‘ಡಿಸ್ಕವರಿ ಇಂಡಿಜಿನಸ್’ ಎಲ್ಲ ಹಂತದವರಿಗೂ ತೆರೆದಿತ್ತು. ಹೀಗಾಗಿ ನಿನ್ನೆಮೊನ್ನೆ ಪಿಎಚ್.ಡಿ. ಮುಗಿಸಿದವರು ಇಪ್ಪತ್ತು ವರ್ಷ ಅನುಭವವಿರುವ ಪ್ರೊಫೆಸರುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು. ಹೊಸಬರಿಗೆಂದೇ ಇರುವ ‘ಡೆಕ್ರಾ’ ಫೆಲೋಶಿಪ್‌ಗೆ ಇಡೀ ದೇಶವೇ ಪೈಪೋಟಿ. ‘ಹೊಸಬರು’ ಎಂದರೆ ವಯಸ್ಸಿನಲ್ಲಿ ಚಿಕ್ಕವರೆಂದೇನೂ ಅಲ್ಲ. ಮಕ್ಕಳನ್ನು ಬೆಳೆಸಿ, ಮನೆಯ ಹಿರಿಯರನ್ನು ನೋಡಿಕೊಂಡು, ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಬಂದವರು ಮೂಲನಿವಾಸಿಗಳಲ್ಲಿ ಎಷ್ಟೋ ಮಂದಿ. ಅಂಥವರು ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ವಿಶ್ವವಿದ್ಯಾಲಯದ ಪ್ರತಿ ಸಮಿತಿಗೂ ಮೂಲನಿವಾಸಿ ಸದಸ್ಯರಾಗಿ ಬೇಕು. ಪ್ರತಿ ಸಮಾರಂಭಕ್ಕೂ ಬೇಕು. ಕಣ್ಣೀರಿಡುತ್ತ ಬಾಗಿಲು ತಟ್ಟುವ ವಿದ್ಯಾರ್ಥಿಗೂ ಬೇಕು. ‘ಸಾಂಸ್ಕೃತಿಕ ಹೊರೆ’ ಎಂದು ಅವರು ಕರೆಯುವುದು ಇದನ್ನೇ. ಬಡ್ತಿಯ ಅರ್ಜಿಯಲ್ಲಿ ಈ ಹೊರೆಗೆ ಸಿಗುವ ಅಂಕ ತೀರ ಕಡಿಮೆ. ಹೊಸಬರಿಗೆ ಅನುದಾನ ಕೊಡುವುದೆಂದರೆ ಅವರ ಕೈಗೆ ಸಮಯ ಕೊಡುವುದು: ಪಾಠದ ಗಂಟೆಗಳಿಂದ ಬಿಡುವು, ದೂರದ ಊರಿಗೆ ಮತ್ತೆ ಮತ್ತೆ ಹೋಗಿಬರಲು ವಾಹನದ ಖರ್ಚು, ಜ್ಞಾನ ಹಂಚಿಕೊಳ್ಳುವ ಹಿರಿಯರಿಗೆ ಸಲ್ಲಬೇಕಾದ ಸಂಭಾವನೆ.

ನಮ್ಮಲ್ಲಿ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಪರಿಶಿಷ್ಟ ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತದೆ. ದೊಡ್ಡ ಕೆಲಸ. ಆದರೆ ಪಿಎಚ್.ಡಿ. ಮುಗಿದ ದಿನ ಅದೂ ಮುಗಿಯುತ್ತದೆ. ಅದರಾಚೆಯ ನಾಲ್ಕೈದು ವರ್ಷಗಳೇ ಒಬ್ಬರನ್ನು ವಿದ್ವತ್ತಿನಲ್ಲಿ ಉಳಿಸುವುದು ಅಥವಾ ಕಳೆದುಕೊಳ್ಳುವುದು.

2023ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿಯನ್ನು ಕುರಿತ, ಮಾರ್ಗರೆಟ್ ಶೀಲ್ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಆ ವರ್ಷಗಳನ್ನೂ ಕೈಗೆತ್ತಿಕೊಂಡಿತು. ವೃತ್ತಿಯ ಆರಂಭದಲ್ಲಿರುವ ಮತ್ತು ನಡುಹಾದಿಯಲ್ಲಿರುವ ಮೂಲನಿವಾಸಿ ವಿದ್ವಾಂಸರಿಗೆ ಪ್ರತ್ಯೇಕ ಫೆಲೋಶಿಪ್ ಇರಲಿ ಎಂದಿತು. 2024ರಲ್ಲಿ ಸಂಶೋಧನಾ ಮಂಡಳಿಗೆ ಹೊಸ ಆಡಳಿತ ಮಂಡಳಿ ಬಂದಾಗ ಅದರಲ್ಲಿ ಕನಿಷ್ಠ ಒಬ್ಬರು ಮೂಲನಿವಾಸಿ ಇರಲೇಬೇಕೆಂದು ಕಾನೂನಿನಲ್ಲೇ ಬರೆಯಲಾಯಿತು. ದುಡ್ಡು ಹಂಚುವ ಮೇಜಿನ ಸುತ್ತ ಈಗ ಅವರದೊಂದು ಕುರ್ಚಿ ಇದೆ.

ಅಡಿಲೇಡ್‌ನ ಆ ಕೂದಲು ಕೂಡ ಹಾಗೇ ಉಳಿದಿಲ್ಲ. ಪಾಯಿಂಟ್ ಪಿಯರ್ಸ್, ಕೂನಿಬ್ಬಾ ಮತ್ತು ಚೆರ್ಬರ್ಗ್, ಈ ಮೂರು ಸಮುದಾಯಗಳ 111 ಮಂದಿಯ ಕೂದಲಿನಿಂದ ಡಿಎನ್‌ಎ ತೆಗೆದು ಮಾಡಿದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅವರ ಪೂರ್ವಜರು ಸುಮಾರು 50 ಸಾವಿರ ವರ್ಷಗಳಿಂದ ತಂತಮ್ಮ ಸೀಮೆಯಲ್ಲೇ ಬೇರೂರಿದ್ದರು ಎಂದು ಅದು ತೋರಿಸಿತು. ಪರೀಕ್ಷೆಗೆ ಮುಂಚೆ ವಿಜ್ಞಾನಿಗಳು ಆ ಕುಟುಂಬಗಳ ಬಳಿ ಹೋಗಿ ಕೂತರು, ಹಳೆಯ ದಾಖಲೆಗಳನ್ನು ಮುಂದಿಟ್ಟರು, ಅಜ್ಜ ಅಜ್ಜಿಯರ ಆ ಕುಚ್ಚನ್ನು ಮುಟ್ಟಬಹುದೇ ಎಂದು ಮೊಮ್ಮಕ್ಕಳನ್ನು ಕೇಳಿದರು. ಒಪ್ಪಿಗೆ ಸಿಕ್ಕ ಮೇಲೆಯೇ ಕೆಲಸ ಶುರುವಾಯಿತು.