ಕುದುರೆಯ ಬಾಯಿಗೆ ಕಣಗಿಲೆ: ಎಸೆಯುವ ಮುನ್ನ ಯೋಚಿಸಿ!

ಮೈಸೂರಿನಲ್ಲಿ ಹಗಲೆಲ್ಲ ಟಾಂಗಾ ಎಳೆದು ದಣಿದ ಕುದುರೆಯನ್ನು ಸಂಜೆ ಬಿಚ್ಚಿಬಿಟ್ಟರೆ ಅದು ಮೇಯುವುದಾದರೂ ಎಲ್ಲಿ? ಗೋಮಾಳಗಳೆಲ್ಲ ಬಡಾವಣೆಗಳಾದವು. ಉಳಿದದ್ದು ಖಾಲಿ ಸೈಟು, ರಸ್ತೆಬದಿ, ತಿಪ್ಪೆ. ಮೃತ್ಯು ಬಿದ್ದಿರುವುದೂ ಅಲ್ಲಿಯೇ.

ಕಣಗಿಲೆ ಯಾರಿಗೆ ಗೊತ್ತಿಲ್ಲ ಸ್ವಾಮಿ? ಶಿವಪೂಜೆಗೆ ಬೇಕು, ಅಂಗಡಿಯ ದೇವರ ಪಟಕ್ಕೆ ಬೇಕು. ಬಸ್ಸಿನ ಕಿಟಕಿಯಿಂದ ನೋಡಿದರೆ ಹೆದ್ದಾರಿಯ ನಡುವೆಯೂ ಅದೇ ಹೂವು. ಆದರೆ ಅಮರಕೋಶದಲ್ಲಿ ಈ ಗಿಡಕ್ಕೆ ಇನ್ನೊಂದು ಹೆಸರಿದೆ: ಹಯಮಾರಕ. ಅಂದರೆ ಕುದುರೆಯನ್ನು ಕೊಲ್ಲುವುದು! ಹಿಂದಿನವರು ಸುಮ್ಮನೆ ಹೆಸರಿಡಲಿಲ್ಲ.

30 ಎಲೆ ಸಾಕು

ಎಲೆ, ಹೂವು, ಕಾಂಡ, ಬೇರು ಎಲ್ಲವೂ ವಿಷ. 30-40 ಎಲೆ ತಿಂದರೆ ಕುದುರೆ ಉಳಿಯುವುದು ಕಷ್ಟ ಎನ್ನುತ್ತದೆ ಪಶುವೈದ್ಯ ಶಾಸ್ತ್ರ. ಹಸಿ ಎಲೆ ಕಹಿ, ಆದ್ದರಿಂದ ಕುದುರೆ ಮೂಸಿ ಬಿಟ್ಟುಬಿಡುತ್ತೆ. ಕತ್ತರಿಸಿ ಎಸೆದ ಸೊಪ್ಪು ಒಣಗಿದಾಗ ಕಹಿ ಕಮ್ಮಿಯಾಗುತ್ತೆ, ವಿಷ ಮಾತ್ರ ಹಾಗೇ ಇರುತ್ತೆ. ಒಣಹುಲ್ಲಿನಲ್ಲಿ ಬೆರೆತರಂತೂ ಗುರುತೇ ಸಿಗದು.

ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆನೋವು, ಭೇದಿ, ಬೆವರು. ಕಾಲು ತಣ್ಣಗಾಗುತ್ತೆ, ಎದೆಬಡಿತ ತಾಳ ತಪ್ಪುತ್ತೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದದ್ದು ಹೋಯಿತು. ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ತಿಂದ ಸೊಪ್ಪಿನ ಒಂದು ತುಂಡು ತೋರಿಸಿದರೆ ಅವರಿಗೂ ಅನುಕೂಲ.

ಕಣಗಿಲೆಯೊಂದೇ ಅಲ್ಲ. ಹರಳುಬೀಜವೂ ಕುದುರೆಗೆ ಮಾರಕ. ದತ್ತೂರಿ ತಿಂದರೆ ಕರುಳಿನ ಚಲನೆ ನಿಲ್ಲುತ್ತದೆ. ಲಂಟಾನ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಹೊಟ್ಟೆ ತುಂಬಿದ ಕುದುರೆ ಇವುಗಳ ತಂಟೆಗೆ ಹೋಗುವುದು ಅಪರೂಪ. ಬೇಸಿಗೆಯಲ್ಲಿ ಹುಲ್ಲು ಸಿಗದಾಗಲೇ ಅಪಾಯ. ಬಿಡುವ ಮುಂಚೆ ಒಂದು ಹೊರೆ ಹುಲ್ಲು ಹಾಕುವುದು ಮಾಲೀಕರ ಕರ್ತವ್ಯ.

ಅಂಗಡಿಯವರ ಪಾಲೂ ಇದೆ. ನಿನ್ನೆಯ ಕಣಗಿಲೆ ಹಾರವನ್ನು ಬಾಗಿಲಾಚೆ ಬಿಸಾಡಬೇಡಿ, ಗುಂಡಿಗೆ ಹಾಕಿ ಮುಚ್ಚಿ. ದನಕ್ಕೂ ಅದು ವಿಷವೇ. ಸುಡುವುದಂತೂ ಬೇಡ, ಹೊಗೆಯೂ ಕೆಟ್ಟದ್ದು.

ಉದ್ಯಾನಗಳಲ್ಲಿ, ರಸ್ತೆ ನಡುವೆ ಕಣಗಿಲೆ ಸವರುವವರು ಸೊಪ್ಪನ್ನು ಅಂದೇ ಸಾಗಿಸಬೇಕು. ಒಂದು ಕುದುರೆ ಸತ್ತರೆ ಒಂದು ಮನೆಯ ಒಲೆ ಆರಿದಂತೆ. ಪುರಪಿತೃಗಳು ಇತ್ತ ಗಮನ ಹರಿಸುವರೇ?