ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ತೋಟಗಳಲ್ಲಿ ಎಳೆಯಡಕೆ ಕೊಳೆತುದುರುವುದನ್ನು ವಾಚಕರು ಬಲ್ಲರು. ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಡಾಕ್ಟರ್ ಕೋಲ್ಮನ್ನರು ಫೈಟಾಫ್ತೊರವೆಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ತೋರಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳ ಬೋರ್ಡೋ ದ್ರಾವಣವನ್ನು ಇಲ್ಲಿ ಬಳಕೆಗೆ ತಂದರು.

100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ತುತ್ತದ ನೀರನ್ನೇ ಸುಣ್ಣದ ನೀರಿಗೆ ಹೊಯ್ಯತಕ್ಕದ್ದು. ಉಜ್ಜಿದ ಚಾಕುವನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಔಷಧವು ಕಾಯನ್ನು ರಕ್ಷಿಸುವುದೇ ಹೊರತು ಕೊಳೆತುದನ್ನು ವಾಸಿಮಾಡದು. ಆದುದರಿಂದ ಮಳೆಗೆ ಮುನ್ನವೇ ಸಿಂಪಡಿಸಬೇಕು. ಸುಮಾರು 40 ದಿನಗಳ ಮೇಲೆ ಮತ್ತೊಮ್ಮೆ ಎಂದರೆ ನಡುಮಳೆಗಾಲ, ಜಾರುವ ಮರ. ಕೊನೆಗಾರನ ಪ್ರಾಣದ ಗತಿಯೇನು? ನಮ್ಮ ಮಟ್ಟಿಗೆ ಇದೇ ಮುಖ್ಯವಾದ ಪ್ರಶ್ನೆ. ಈಚೆಗೆ ಹಗುರವಾದ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ಅವುಗಳಿಂದ ನೆಲದಲ್ಲಿ ನಿಂತೇ ಗೊನೆಗೆ ಔಷಧ ಹೊಡೆಯಬಹುದಾಗಿದೆ.