ಬಿಡುವುದನ್ನು ಕಲಿಸುವ ಪರೀಕ್ಷೆ

ಪುಣೆಯ ನವಿ ಪೇಟೆಗೆ ಭಾನುವಾರವೆಂಬ ರಜೆಯಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಅಮೃತತುಲ್ಯದ ಅಂಗಡಿಗಳ ಮುಂದೆ ಶುಂಠಿ ಚಹಾ ಕುದಿಯುತ್ತಿರುತ್ತದೆ. ಲೋಟ ಹಿಡಿದು ನಿಂತವರಲ್ಲಿ ಹೆಚ್ಚಿನವರು ಇಪ್ಪತ್ತು ದಾಟಿ ಮೂವತ್ತು ಮುಟ್ಟದವರು. ಬೆನ್ನಿಗೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ, ಕಣ್ಣಲ್ಲಿ ಅರ್ಧ ನಿದ್ದೆ. ಶಾಸ್ತ್ರಿ ರಸ್ತೆಯಿಂದ ಸದಾಶಿವ ಪೇಟೆಯ ಒಳಗಲ್ಲಿಗಳವರೆಗೆ ಹಳೆಯ ಕಟ್ಟಡದ ಮಹಡಿ ಮೇಲೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಝೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ, ಎಲ್ಲಿ ನೋಡಿದರೂ ‘ಅಭ್ಯಾಸಿಕಾ’ ಎಂಬ ಫಲಕ. ಒಳಗೆ ಪ್ಲೈವುಡ್ ಹಲಗೆ ನಿಲ್ಲಿಸಿ ಮಾಡಿದ ಗೂಡುಗಳು. ಒಬ್ಬರಿಗೆ ಒಂದು ಕುರ್ಚಿ, ಒಂದು ದೀಪ, ಒಂದು ಚಾರ್ಜಿಂಗ್ ಪಾಯಿಂಟು. ತಿಂಗಳ ಬಾಡಿಗೆ ಕಟ್ಟಿದರೆ ಆ ಮೂರಡಿ ಜಾಗ ನಿಮ್ಮದು. ‘ಶಾಂತತಾ ರಾಖಾ’ ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಬರೆಯದಿದ್ದರೂ ನಡೆಯುತ್ತಿತ್ತು, ಅಲ್ಲಿ ಮಾತಾಡುವವರೇ ಇಲ್ಲ.

ಈ ಗೂಡುಗಳ ಹಳೆಯ ಒಕ್ಕಲು ಎಂಪಿಎಸ್‌ಸಿಯವರು. ಮಹಾರಾಷ್ಟ್ರದ ಆಡಳಿತ ಸೇವೆಗೆ ಓದುವ ಮರಾಠವಾಡ, ವಿದರ್ಭದ ಹುಡುಗ ಹುಡುಗಿಯರು. ಅವರ ಮೇಜಿನ ಮೇಲೆ ಇಟ್ಟಿಗೆ ಗಾತ್ರದ ಪುಸ್ತಕಗಳು, ಬಣ್ಣಬಣ್ಣದ ಗೆರೆ ಎಳೆದ ಟಿಪ್ಪಣಿಗಳು. ಅವರ ನಡುವೆ ಅಲ್ಲೊಬ್ಬ ಇಲ್ಲೊಬ್ಬಳು ಬೇರೆ ಜಾತಿಯವರು. ಅವರ ಮುಂದೆ ಪುಸ್ತಕ ಕಡಿಮೆ. ಒಂದು ಲ್ಯಾಪ್‌ಟಾಪ್, ಲೆಕ್ಕ ಗೀಚಿ ಗೀಚಿ ಕಪ್ಪಾದ ಹಾಳೆಗಳು, ಪಕ್ಕದಲ್ಲಿ ಸೆಕೆಂಡು ಎಣಿಸುವ ಮೊಬೈಲು. ಇವರು ‘ಕ್ಯಾಟ್’ನವರು. ಐಐಎಂಗಳಲ್ಲಿ ಎಂಬಿಎ ಸೀಟು ಹಿಡಿಯಲು ವರ್ಷಕ್ಕೊಮ್ಮೆ, ನವೆಂಬರಿನ ಕೊನೆಯ ಭಾನುವಾರ ನಡೆಯುವ ಪರೀಕ್ಷೆಯ ಅಭ್ಯರ್ಥಿಗಳು.

ಇವರಲ್ಲಿ ಕನ್ನಡದವರು ಸಿಗುವುದು ಕಷ್ಟವಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿದವರಿಗೆ ಪುಣೆ ದೂರದ ಊರಲ್ಲ, ರಾತ್ರಿ ಬಸ್ಸಿನಲ್ಲಿ ಮಲಗಿದರೆ ಬೆಳಗಿಗೆ ಸ್ವಾರಗೇಟ್. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಕೆಲಸ, ವಾಕಡದಲ್ಲಿ ಮೂವರು ಹಂಚಿಕೊಂಡ ರೂಮು, ಅಟ್ಟದ ಡಬ್ಬಿಯಲ್ಲಿ ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ವಾರದ ಐದು ದಿನ ಕಂಪನಿಗೆ, ಉಳಿದೆರಡು ದಿನ ಊರೊಳಗಿನ ಅಭ್ಯಾಸಿಕೆಗೆ. ರೂಮಿನಲ್ಲೇ ಓದಬಹುದಲ್ಲ ಎಂದರೆ ನಗುತ್ತಾರೆ. ಅಲ್ಲಿ ಹಾಸಿಗೆ ಇದೆ, ಗೆಳೆಯರಿದ್ದಾರೆ, ಕ್ರಿಕೆಟ್ ಇದೆ. ಇಲ್ಲಿ ಪಕ್ಕದ ಗೂಡಿನಲ್ಲಿ ನಾಲ್ಕು ವರ್ಷದಿಂದ ಕೂತು ಓದುತ್ತಿರುವವನೊಬ್ಬನಿದ್ದಾನೆ. ಅವನ ಬೆನ್ನು ನೋಡಿದರೆ ಎದ್ದು ಹೋಗಲು ನಾಚಿಕೆ.

ಎಂಟೂವರೆಗೆ ಮಾಕ್ ಟೆಸ್ಟು. ನಿಜವಾದ ಪರೀಕ್ಷೆಯ ಮೊದಲ ಪಾಳಿಯೂ ಅದೇ ಹೊತ್ತಿಗೆ. ಹನ್ನೆರಡೂವರೆ, ನಾಲ್ಕೂವರೆಯ ಪಾಳಿ ಬಂದರೂ ಬರಬಹುದೆಂದು ಒಂದೊಂದು ವಾರ ಒಂದೊಂದು ಹೊತ್ತಿಗೆ ಕೂರುತ್ತಾರೆ. ಒಟ್ಟು 120 ನಿಮಿಷ, ಮೂರು ಭಾಗ, ಭಾಗಕ್ಕೆ 40 ನಿಮಿಷ. ಮೊದಲು ಇಂಗ್ಲಿಷ್ ಓದು, ಆಮೇಲೆ ಅಂಕಿಅಂಶ ಮತ್ತು ತರ್ಕ, ಕೊನೆಗೆ ಗಣಿತ. ನಲವತ್ತನೇ ನಿಮಿಷ ಮುಗಿದೊಡನೆ ಆ ಭಾಗದ ಬಾಗಿಲು ಮುಚ್ಚುತ್ತದೆ, ಹಿಂದಿರುಗಿ ತಿದ್ದುವಂತಿಲ್ಲ. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಹೋಯಿತು. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಮಾತ್ರ ಆ ದಂಡವಿಲ್ಲ.

ನೋಡುತ್ತ ಕೂತರೆ ಯಾರು ಯಾವ ಭಾಗದಲ್ಲಿದ್ದಾರೆಂದು ಮುಖವೇ ಹೇಳುತ್ತದೆ. ಇಂಗ್ಲಿಷ್ ಗದ್ಯ ಓದುವಾಗ ಕನ್ನಡ ಶಾಲೆಯಲ್ಲಿ ಕಲಿತು ಬಂದವನ ತುಟಿ ಅಲುಗುತ್ತದೆ. ತಿಮಿಂಗಿಲ, ತತ್ತ್ವಶಾಸ್ತ್ರ, ವಸಾಹತುಗಳ ಚರಿತ್ರೆ, ಯಾವುದು ಬರುತ್ತದೋ ತಿಳಿಯದು. ಎರಡನೆಯ ಭಾಗ ಬಂತೆಂದರೆ ಎಲ್ಲರ ಬೆನ್ನೂ ಮುಂದಕ್ಕೆ ಬಾಗುತ್ತದೆ. ನಾಲ್ಕೈದು ಒಗಟುಗಳ ಗುಂಪು, ಒಂದೊಂದಕ್ಕೂ ನಾಲ್ಕೈದು ಪ್ರಶ್ನೆ. ಎಲ್ಲವನ್ನೂ ಬಿಡಿಸುತ್ತೇನೆಂದು ಹೊರಟವನು ಕೆಟ್ಟ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿ ಆರಿಸುವ ಹಾಗೆ ಮೊದಲ ಐದು ನಿಮಿಷದಲ್ಲಿ ಎಲ್ಲವನ್ನೂ ಮುಟ್ಟಿ, ಹುಳುಕಿಲ್ಲದ ಎರಡನ್ನು ಎತ್ತಿಕೊಳ್ಳಬೇಕು. ಉಳಿದದ್ದು ಎಷ್ಟು ಚೆಂದ ಕಂಡರೂ ಅಲ್ಲೇ ಬಿಡಬೇಕು.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಎಸೆಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗೆ ಅವರು ಕೇಳಿಕೊಂಡು ಬೆಳೆದ ಮಾತು ಒಂದೇ: ‘ಒಂದೂ ಬಿಡಬ್ಯಾಡ, ಏನರೆ ಬರೆದು ಬಾ.’ ಗೊತ್ತಿಲ್ಲದಿದ್ದರೆ ಪ್ರಶ್ನೆಯನ್ನೇ ತಿರುಗಿಸಿ ಬರೆದರೂ ಒಂದೆರಡು ಅಂಕ ಸಿಕ್ಕೀತು ಎಂಬ ನಂಬಿಕೆಯ ಮೇಲೆ ಹದಿನಾರು ವರ್ಷ ಓದಿದವರು. ಗಣಿತದಲ್ಲಿ ಹುಷಾರಿದ್ದವನಿಗೆ ಇದು ಇನ್ನೂ ಕಷ್ಟ. ಬರುವ ಲೆಕ್ಕವೇ ಹೌದು, ಆದರೆ ನಾಲ್ಕು ನಿಮಿಷ ತಿನ್ನುತ್ತದೆ. ಅಷ್ಟರಲ್ಲಿ ಮುಂದಿನ ಪುಟದ ಎರಡು ಸುಲಭದ ಲೆಕ್ಕ ಕೈತಪ್ಪಿರುತ್ತವೆ. ಬರದದ್ದನ್ನು ಬಿಡುವುದು ಯಾರಿಗಾದರೂ ಬಂದೀತು. ಬರುವುದನ್ನು ಬಿಟ್ಟು ಎದ್ದು ಹೋಗುವ ಧೈರ್ಯಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು.

ಹತ್ತೂವರೆಗೆ ಟೆಸ್ಟು ಮುಗಿದು ಹೊರಗೆ ಬಂದವನಿಗೆ ಮುಧೋಳದ ಕಡೆಯಿಂದ ಮೇಷ್ಟ್ರಾದ ಅಪ್ಪನ ಫೋನು.

‘ಎಷ್ಟ ಬಿತ್ತು?’

‘ಎಂಬತ್ತಾರು.’

‘ನೂರಕ್ಕ?’

‘ಎರಡುನೂರಾ ನಾಕಕ್ಕ.’

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಅರ್ಧಾನೂ ಇಲ್ಲಲ್ಲೋ ತಮ್ಮಾ. ಕೆಲಸ ಭಾಳ ಆಗೇತೇನು?’

‘ಇಲ್ಲಪ್ಪಾ, ಇದು ಛಲೋ ಮಾರ್ಕ್ಸ್. ಪರ್ಸೆಂಟೈಲ್ ತೊಂಬತ್ತೆಂಟರ ಹತ್ರ ಬರ್ತೈತಿ.’

‘ಎಂಬತ್ತಾರು ಹೋಗಿ ತೊಂಬತ್ತೆಂಟು ಹೆಂಗಾಗ್ತೈತಿ?’

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಮಗ ಹೇಳುವುದರಲ್ಲಿ ಸುಳ್ಳಿಲ್ಲ. 2024ರ ಕ್ಯಾಟ್ ಬರೆದವರು 2.93 ಲಕ್ಷ ಮಂದಿ. ಒಟ್ಟು 68 ಪ್ರಶ್ನೆ, 204 ಅಂಕ. ಅರ್ಧಕ್ಕರ್ಧ ಅಂಕ ಬರದವರಿಗೂ ಆ ವರ್ಷ 99 ಪರ್ಸೆಂಟೈಲ್ ಸಿಕ್ಕಿತು. ಅದು ಎಷ್ಟು ಬಿತ್ತು ಎಂಬುದರ ಲೆಕ್ಕವಲ್ಲ, ಎಷ್ಟು ಮಂದಿಯನ್ನು ದಾಟಿದೆ ಎಂಬುದರ ಲೆಕ್ಕ. 99 ಬಂದರೂ ನಿಮ್ಮ ಮುಂದೆ ಸುಮಾರು 2,900 ಮಂದಿ ನಿಂತಿರುತ್ತಾರೆ.

ಮಧ್ಯಾಹ್ನ ಫರ್ಗ್ಯುಸನ್ ರಸ್ತೆ. ವೈಶಾಲಿ ಹೋಟೆಲಿನ ಮುಂದೆ ಹೆಸರು ಬರೆಸಿ ಕಾಯುವವರ ಸಾಲು. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಈ ಹೋಟೆಲಿನಲ್ಲಿ ಸಾಂಬಾರಿನ ಪರಿಮಳಕ್ಕೇ ಊರು ನೆನಪಾಗುತ್ತದೆ. ಎಸ್‌ಪಿಡಿಪಿ, ಅಂದರೆ ಸೇವ್ ಪೊಟ್ಯಾಟೊ ದಹಿ ಪುರಿಯ ತಟ್ಟೆಯ ಸುತ್ತ ನಾಲ್ವರು ಕೂತು ಬೆಳಗಿನ ಟೆಸ್ಟಿನ ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಯಾವುದು ತಪ್ಪಿತು ಎಂದು ಯಾರೂ ಕೇಳುವುದಿಲ್ಲ. ‘ಮೂರನೇ ಸೆಟ್ ಯಾಕ ಹಿಡದಿ?’ ಎಂಬುದೇ ಪ್ರಶ್ನೆ. ಒಂದು ಕಾಲದಲ್ಲಿ ಪುಣೆಗೆ ಬಂದ ಕನ್ನಡಿಗರು ಇಲ್ಲಿಯೇ ನೆಲೆ ಹುಡುಕಿದವರು. ಹೋಟೆಲು ಕಟ್ಟಿದರು, ಕನ್ನಡ ಸಂಘ ಕಟ್ಟಿದರು, ಗಣೇಶನಗರದಲ್ಲಿ ಶಾಲೆ, ಕಾವೇರಿ ಕಾಲೇಜು ಎಬ್ಬಿಸಿದರು. ಈ ನಾಲ್ವರು ಬಂದಿರುವುದು ದಾಟಿ ಹೋಗಲು. ತಮಾಷೆಯೆಂದರೆ ಹೆಚ್ಚಿನವರು ಹೋಗಬೇಕೆಂದಿರುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಗೆ, 1973ರಲ್ಲಿ ಶುರುವಾದ ಐಐಎಂಗೆ. ಬೆಳಗಾವಿಯಿಂದ ಬೆಂಗಳೂರಿಗೆ ಇವರು ಹಿಡಿದ ದಾರಿ ಪುಣೆಯ ಮೇಲೆ ಹಾಯುತ್ತದೆ.

ಆ ದಾರಿಯಲ್ಲೊಂದು ಹಳೆಯ ಟೋಲ್‌ಗೇಟು ಇದೆ. ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕದ ಜೊತೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ತೂಗುತ್ತದೆ. ಈ ನಾಲ್ವರಲ್ಲಿ ಪಿಯುಸಿ ಓದುವಾಗ ಟೈಫಾಯ್ಡ್ ಬಂದು ಅರವತ್ತೆಂಟಕ್ಕೆ ನಿಂತವಳು, ಈಗ ಬ್ಯಾಂಕಿನ ಉದ್ಯೋಗಿ, ಆ ವಿಷಯ ಬಂದಾಗ ಚಹಾಕ್ಕೆ ಕೈಹಾಕುತ್ತಾಳೆ. ಇವರು ಬಿಡಲು ಕಲಿತರೂ ಕೆಲವು ಅಂಕಗಳು ಇವರನ್ನು ಬಿಡುವುದಿಲ್ಲ.

ನವೆಂಬರ್ ಕಳೆದರೆ ಕಥೆ ಮುಗಿಯಿತೆ? ಇಲ್ಲ, ನಿಯಮ ಮಾತ್ರ ಬದಲಾಗುತ್ತದೆ. ಡಿಸೆಂಬರಿನಲ್ಲಿ ಸ್ನ್ಯಾಪ್. ಫರ್ಗ್ಯುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಎಸ್. ಬಿ. ಮುಜುಮದಾರರು 1971ರಲ್ಲಿ ಆರಂಭಿಸಿದ ಸಿಂಬಯಾಸಿಸ್‌ನ ಪರೀಕ್ಷೆ ಇದು. ಲವಳೆಯ ಗುಡ್ಡದ ಮೇಲಿನ ಕ್ಯಾಂಪಸ್ಸನ್ನು ಬೈಕಿನಲ್ಲಿ ಹೋಗಿ ದೂರದಿಂದ ನೋಡಿ ಬಂದವರು ಈ ಗುಂಪಿನಲ್ಲೂ ಇದ್ದಾರೆ. ಅಲ್ಲಿ 60 ನಿಮಿಷಕ್ಕೆ 60 ಪ್ರಶ್ನೆ, ಯೋಚಿಸಲು ಪುರುಸೊತ್ತಿಲ್ಲ. ಒಂದೇ ಹಂಗಾಮಿನಲ್ಲಿ ಮೂರು ಸಲ ಬರೆಯಬಹುದು, ಹೆಚ್ಚು ಬಂದದ್ದು ಲೆಕ್ಕಕ್ಕೆ. ಜನವರಿಯಲ್ಲಿ ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಎಕ್ಸ್ಯಾಟ್. ಅಲ್ಲಿ ಬಿಟ್ಟರೂ ದಂಡ: ಎಂಟಕ್ಕಿಂತ ಹೆಚ್ಚು ಪ್ರಶ್ನೆ ಖಾಲಿ ಬಿಟ್ಟರೆ ಒಂದೊಂದಕ್ಕೂ 0.10 ಅಂಕ ಕಡಿತ. ಆಮೇಲೆ ಮಹಾರಾಷ್ಟ್ರ ಸರಕಾರದ ಸಿಇಟಿ. ಎರಡೂವರೆ ತಾಸಿಗೆ 200 ಪ್ರಶ್ನೆ, ತಪ್ಪಿದರೆ ಏನೂ ಹೋಗುವುದಿಲ್ಲ. ಅಲ್ಲಿ ಬಿಟ್ಟು ಬಂದವನೇ ದಡ್ಡ. ಇಷ್ಟು ದಿನ ಕಷ್ಟಪಟ್ಟು ಮರೆತ ಊರಿನ ಉಪದೇಶವನ್ನು ಕಣ್ಣುಮುಚ್ಚಿ ಪಾಲಿಸುವ ಹೊತ್ತು ಅದು.

ಸಂಜೆ ಅಪ್ಪಾ ಬಳವಂತ ಚೌಕದಲ್ಲಿ ಹಳೆಯ ಪುಸ್ತಕ ಕೊಳ್ಳುವವರು, ಮಾರುವವರು ಒಬ್ಬರಿಗೊಬ್ಬರು ತಾಕುತ್ತ ನಡೆಯುತ್ತಾರೆ. ಯಾರೋ ಪೆನ್ಸಿಲ್ಲಿನಲ್ಲಿ ಅರ್ಧ ಬಿಡಿಸಿಟ್ಟ ಗಣಿತದ ಪುಸ್ತಕ ಅರ್ಧ ಬೆಲೆಗೆ ಸಿಗುತ್ತದೆ. ಗೂಡಿನ ಎಂಪಿಎಸ್‌ಸಿ ಗೆಳೆಯನಿಗೆ ವಯಸ್ಸಿನ ಮಿತಿಯಿದೆ. ಒಂದು ದಿನ ಸರಕಾರವೇ ‘ಸಾಕು’ ಎನ್ನುತ್ತದೆ. ಕ್ಯಾಟ್‌ಗೆ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ಪ್ರಶ್ನೆ ಬಿಡುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಪರೀಕ್ಷೆ ತನ್ನನ್ನು ಯಾವಾಗ ಬಿಡಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ.

‘ಇದ ಕೊನೀ ಸರ್ತಿ,’ ಎಂದಳು ಬ್ಯಾಂಕಿನವಳು, ಪುಸ್ತಕದ ಬೆನ್ನು ತಿರುಗಿಸಿ ಬೆಲೆ ನೋಡುತ್ತ.

‘ಹೋದ ವರ್ಷಾನೂ ಹಿಂಗ ಅಂದಿದ್ದಿ.’

‘ಆವಾಗ ಪುಸ್ತಕ ಮಾರಿ ಹೋಗಿದ್ದೆ,’ ಎಂದವಳು ಅಂಗಡಿಯವನ ಜೊತೆ ಮರಾಠಿಯಲ್ಲಿ ಚೌಕಾಸಿಗೆ ಇಳಿದಳು.